ಚಿಪ್‌ಗೆ ಕರೆಂಟ್ ಕೊಡುವವರು ಯಾರು? ಲಿನಕ್ಸ್ ಕರ್ನಲ್‌ನಲ್ಲಿ ರೆಗ್ಯುಲೇಟರ್ ಬಳಸುವ ಬಗೆ

ಡ್ರೈವರ್ (ಚಿಪ್ ಅನ್ನು ನಡೆಸುವ ಕರ್ನಲ್ ಕೋಡ್) ಬರೆಯಲು ಕಲಿಯುವವರು ಮೊದಲು ರಿಜಿಸ್ಟರ್ ಓದುತ್ತಾರೆ, ಆಮೇಲೆ ಇಂಟರಪ್ಟ್ ಹಿಡಿಯುತ್ತಾರೆ, ಕೆಲವರು ಡಿಎಂಎ ತನಕವೂ ಹೋಗುತ್ತಾರೆ. ಆ ಚಿಪ್‌ಗೆ ಕರೆಂಟ್ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಮಾತ್ರ ಕೊನೆಗೆ ಬರುತ್ತದೆ. ಡೆವಲಪ್‌ಮೆಂಟ್ ಬೋರ್ಡಿನಲ್ಲಿ ಹೆಚ್ಚಿನ ರೈಲುಗಳು (ಚಿಪ್‌ಗಳಿಗೆ ವೋಲ್ಟೇಜ್ ಒಯ್ಯುವ ಪವರ್ ಲೈನ್‌ಗಳು) ಸದಾ ಆನ್ ಇರುವುದರಿಂದ ಅಲ್ಲಿ ಈ ಪ್ರಶ್ನೆ ಕಾಡುವುದೂ ಇಲ್ಲ. ಅದೇ ಡ್ರೈವರ್ ಬ್ಯಾಟರಿ ಮೇಲೆ ಓಡುವ ಪ್ರಾಡಕ್ಟ್‌ಗೆ ಹೋದಾಗ ತೊಂದರೆ ಶುರು. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಇಲ್ಲವೇ ಬೂಟ್ ಆದ ಅರ್ಧ ನಿಮಿಷಕ್ಕೆ ಡಿಸ್‌ಪ್ಲೇ ಆಫ್ ಆಗುತ್ತದೆ.

ಒಂದು ರೈಲಿಗೆ ಬೇಕಾದ ವೋಲ್ಟೇಜ್ ಕೊಡುವ, ಅದನ್ನು ಆನ್-ಆಫ್ ಮಾಡುವ ಸರ್ಕ್ಯೂಟೇ ರೆಗ್ಯುಲೇಟರ್. ಅದನ್ನು ನಡೆಸಲು ಲಿನಕ್ಸ್‌ನಲ್ಲಿ ಇರುವುದೇ ರೆಗ್ಯುಲೇಟರ್ ಫ್ರೇಮ್‌ವರ್ಕ್. ಎಡಿನ್‌ಬರೋದ ವುಲ್ಫ್‌ಸನ್ ಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿದ್ದ ಲಿಯಾಮ್ ಗರ್ಡ್‌ವುಡ್ ಮತ್ತು ಮಾರ್ಕ್ ಬ್ರೌನ್ ಇದನ್ನು ಕಟ್ಟಿದರು. 2008ರಲ್ಲಿ 2.6.27 ಕರ್ನಲ್ ಜೊತೆ ಇದು ಮುಖ್ಯ ಕೋಡಿಗೆ ಸೇರಿತು. ಇದರ ಒಳಗಿನ ನಿಯಮ ಒಂದೇ: ಡ್ರೈವರ್ ಕೇಳುತ್ತದೆ, ಬೋರ್ಡ್ ತೀರ್ಮಾನಿಸುತ್ತದೆ. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಬರೀ ಫಂಕ್ಷನ್ ಹೆಸರು ನೆನಪಿಡುವ ಕೆಲಸ.

ಅಭ್ಯಾಸಕ್ಕೆ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್ ಮತ್ತು ಬಾಷ್ ಕಂಪನಿಯ ಬಿಎಂಪಿ280 ಎಂಬ ಗಾಳಿಯೊತ್ತಡದ ಸೆನ್ಸರ್ ತೆಗೆದುಕೊಳ್ಳೋಣ. ಎರಡೂ ಸುಲಭವಾಗಿ ಸಿಗುತ್ತವೆ, ಎರಡರ ಕೋಡೂ ಮುಖ್ಯ ಕರ್ನಲ್‌ನಲ್ಲೇ ಇದೆ. ಫಂಕ್ಷನ್ ಮತ್ತು ಪ್ರಾಪರ್ಟಿ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಅಂಡರ್‌ಸ್ಕೋರ್, ಹೈಫನ್ ಎಲ್ಲಿರಬೇಕೋ ಅಲ್ಲೇ ಇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಅಷ್ಟೆ.

ಹಂತ 1: ಕೀಬೋರ್ಡ್ ಬಿಡಿ, ಸ್ಕೀಮ್ಯಾಟಿಕ್ ತೆಗೆಯಿರಿ

ಕೋಡಿಗೆ ಕೈ ಹಾಕುವ ಮೊದಲು ಸ್ಕೀಮ್ಯಾಟಿಕ್ (ಬೋರ್ಡಿನ ಸರ್ಕ್ಯೂಟ್ ನಕ್ಷೆ) ನೋಡಿ ಒಂದು ಹಾಳೆಯಲ್ಲಿ ಪವರ್ ಟ್ರೀ ಬರೆಯಿರಿ. ಮೇಲೆ 5 ವೋಲ್ಟ್ ಅಡಾಪ್ಟರ್, ಅದರ ಕೆಳಗೆ ಪಿಮಿಕ್ (ಹಲವು ರೆಗ್ಯುಲೇಟರ್‌ಗಳನ್ನು ಒಳಗೊಂಡ ಪವರ್ ಚಿಪ್), ಅದರಿಂದ ಹೊರಡುವ ಒಂದೊಂದು ರೈಲು, ಪ್ರತಿ ರೈಲಿನ ತುದಿಯಲ್ಲಿ ಚಿಪ್‌ಗಳು. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಪಿಮಿಕ್ ಎಂದರೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎಸ್65217. ಇದರಲ್ಲಿ ಮೂರು ಡಿಸಿಡಿಸಿ, ನಾಲ್ಕು ಎಲ್‌ಡಿಓ. ಡಿಸಿಡಿಸಿ1 ಮೆಮೊರಿಗೆ 1.5 ವೋಲ್ಟ್ ಕೊಡುತ್ತದೆ, ಡಿಸಿಡಿಸಿ2 ಪ್ರೊಸೆಸರ್‌ನ ಎಂಪಿಯು (ಸಿಪಿಯು) ಭಾಗಕ್ಕೆ, ಡಿಸಿಡಿಸಿ3 ಕೋರ್ ಭಾಗಕ್ಕೆ.

ಡಿಸಿಡಿಸಿ ಎಂದರೆ ಸ್ವಿಚಿಂಗ್ ರೆಗ್ಯುಲೇಟರ್, ವೋಲ್ಟೇಜ್ ಇಳಿಸುವಾಗ ಕಡಿಮೆ ಶಾಖ. ಎಲ್‌ಡಿಓ ಎಂದರೆ ಲೀನಿಯರ್ ರೆಗ್ಯುಲೇಟರ್, ಅದು ಹಾಗಲ್ಲ. ಇನ್‌ಪುಟ್ ಮತ್ತು ಔಟ್‌ಪುಟ್ ನಡುವಿನ ವ್ಯತ್ಯಾಸವನ್ನು ಪೂರ್ತಿ ಶಾಖ ಮಾಡಿಬಿಡುತ್ತದೆ. 3.3 ವೋಲ್ಟಿನಿಂದ 1.8 ವೋಲ್ಟ್ ಮಾಡಿ 100 ಮಿಲಿಆಂಪ್ ಎಳೆದರೆ 150 ಮಿಲಿವಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಯಾವ ರೈಲನ್ನು ಆಫ್ ಮಾಡಿದರೆ ಲಾಭ ಜಾಸ್ತಿ ಎಂದು ಲೆಕ್ಕ ಹಾಕುವಾಗ ಇದು ನೆನಪಿರಲಿ.

ಈಗ ಸೆನ್ಸರ್. ಬಿಎಂಪಿ280ಗೆ ಎರಡು ಪವರ್ ಪಿನ್: ವಿಡಿಡಿ ಮತ್ತು ವಿಡಿಡಿಐಓ. ಮೊದಲನೆಯದು ಒಳಗಿನ ಸರ್ಕ್ಯೂಟಿಗೆ, 1.71ರಿಂದ 3.6 ವೋಲ್ಟ್. ಎರಡನೆಯದು ಬಸ್ ಕಡೆಗೆ, 1.2ರಿಂದ 3.6 ವೋಲ್ಟ್. ಇಲ್ಲಿ ಡೇಟಾಶೀಟಿನ ಒಂದು ಎಚ್ಚರಿಕೆಯನ್ನು ಎಲ್ಲರೂ ಓದಲೇಬೇಕು. ವಿಡಿಡಿಐಓ ಆಫ್ ಇರುವಾಗ ಬಸ್ ಪಿನ್‌ಗಳು ಹೈ ಇದ್ದರೆ, ಒಳಗಿನ ಇಎಸ್‌ಡಿ (ಸ್ಟ್ಯಾಟಿಕ್ ವಿದ್ಯುತ್ತಿನಿಂದ ಕಾಪಾಡುವ) ಡಯೋಡ್‌ಗಳ ಮೂಲಕ ಕರೆಂಟ್ ಹರಿದು ಚಿಪ್ ಶಾಶ್ವತವಾಗಿ ಹಾಳಾಗಬಹುದು. ಐ2ಸಿ (ಚಿಪ್‌ಗಳು ಎರಡು ತಂತಿಯಲ್ಲಿ ಮಾತಾಡುವ) ಬಸ್ಸಿನಲ್ಲಿ ಲೈನನ್ನು ಹೈಗೆ ಎಳೆದಿಡುವ ಪುಲ್-ಅಪ್ ರೆಸಿಸ್ಟರ್‌ಗಳು ಇದ್ದೇ ಇರುತ್ತವೆ ಅಲ್ವಾ? ಅವು ಸದಾ ಆನ್ ಇರುವ 3.3 ವೋಲ್ಟಿಗೆ ಹೋಗಿದ್ದರೆ ಪಿನ್ ಸದಾ ಹೈ. ಅಂದರೆ "ಪವರ್ ಉಳಿಸೋಣ" ಎಂದು ಎರಡೂ ರೈಲು ಆಫ್ ಮಾಡುವ ಸಾಫ್ಟ್‌ವೇರ್ ಈ ಬೋರ್ಡಿನಲ್ಲಿ ಸೆನ್ಸರನ್ನೇ ಕೊಲ್ಲಬಹುದು.

ದಾರಿಯೂ ಅದೇ ಡೇಟಾಶೀಟಿನಲ್ಲಿದೆ. ವಿಡಿಡಿಐಓ ಇದ್ದು ವಿಡಿಡಿ ಇಲ್ಲದಿದ್ದರೆ ಬಸ್ ಪಿನ್‌ಗಳು ಹೈ-ಇಂಪಿಡೆನ್ಸ್ (ಬಸ್ಸಿಗೆ ಜೋಡಿಸಿಯೇ ಇಲ್ಲವೇನೋ ಎಂಬಂಥ) ಸ್ಥಿತಿಯಲ್ಲಿ ಇರುತ್ತವೆ, ಬಸ್ಸನ್ನು ಬೇರೆ ಚಿಪ್‌ಗಳು ಆರಾಮಾಗಿ ಬಳಸಬಹುದು. ಹಾಗಾಗಿ ನಮ್ಮ ವೈರಿಂಗ್ ಹೀಗೆ: ವಿಡಿಡಿಐಓವನ್ನು ಹೆಡರ್‌ನ 3.3 ವೋಲ್ಟಿಗೆ ನೇರವಾಗಿ ಕೊಡಿ. ವಿಡಿಡಿಯನ್ನು ಒಂದು ಲೋಡ್ ಸ್ವಿಚ್ (ಪವರ್ ಲೈನನ್ನು ಆನ್-ಆಫ್ ಮಾಡುವ ಚಿಕ್ಕ ಚಿಪ್) ಮೂಲಕ ಕೊಡಿ. ಆ ಸ್ವಿಚ್ಚಿನ ಎನೇಬಲ್ ಪಿನ್ನನ್ನು ಪಿ9 ಹೆಡರ್‌ನ 12ನೇ ಪಿನ್ನಿಗೆ ಹಾಕಿ. ಅದು ಜಿಪಿಐಓ1ರ 28ನೇ ಲೈನ್; ಜಿಪಿಐಓ ಎಂದರೆ ಸಾಫ್ಟ್‌ವೇರ್‌ನಿಂದ ಹೈ-ಲೋ ಮಾಡಬಹುದಾದ ಪಿನ್. ಎನೇಬಲ್ ಪಿನ್ನಿಗೆ ಒಂದು ಪುಲ್-ಡೌನ್ ರೆಸಿಸ್ಟರ್ ಇದ್ದರೆ ಕರ್ನಲ್ ಏಳುವ ತನಕ ಸ್ವಿಚ್ ಆಫ್ ಆಗಿಯೇ ಇರುತ್ತದೆ. ಐ2ಸಿ2 ಬಸ್ ಅದೇ ಹೆಡರ್‌ನ 19 ಮತ್ತು 20ನೇ ಪಿನ್ನಿನಲ್ಲಿದೆ. ಸೆನ್ಸರ್ ಮಾಡ್ಯೂಲ್ ಕೊಳ್ಳುವಾಗ ಎರಡೂ ಪವರ್ ಪಿನ್ ಬೇರೆ ಬೇರೆ ಹೊರಗೆ ಬಂದಿವೆಯೇ ನೋಡಿ. ಮಾಡ್ಯೂಲಿನೊಳಗೇ ಎರಡನ್ನೂ ಸೇರಿಸಿಬಿಟ್ಟಿದ್ದರೆ ಈ ಉಪಾಯ ನಡೆಯುವುದಿಲ್ಲ.

ಹಂತ 2: ಓಡುತ್ತಿರುವ ಬೋರ್ಡನ್ನು ಓದಿ

ಬೋರ್ಡ್ ಬೂಟ್ ಮಾಡಿ, ರೂಟ್ ಆಗಿ /ಸಿಸ್/ಕ್ಲಾಸ್/ರೆಗ್ಯುಲೇಟರ್ ಒಳಗೆ ಹೋಗಿ. ರೆಗ್ಯುಲೇಟರ್.0, ರೆಗ್ಯುಲೇಟರ್.1 ಎಂದು ಸಾಲಾಗಿ ಕಾಣುತ್ತವೆ. ಪ್ರತಿಯೊಂದರ ಒಳಗೆ ‘ನೇಮ್’ ಫೈಲಿನಲ್ಲಿ ರೈಲಿನ ಹೆಸರು, ‘ಮೈಕ್ರೋವೋಲ್ಟ್ಸ್’ ಫೈಲಿನಲ್ಲಿ ಈಗಿನ ವೋಲ್ಟೇಜ್, ‘ಸ್ಟೇಟ್’ ಫೈಲಿನಲ್ಲಿ ಆನ್ ಇದೆಯೋ ಇಲ್ಲವೋ. ಈ ಫ್ರೇಮ್‌ವರ್ಕಿನಲ್ಲಿ ಎಲ್ಲವೂ ಮೈಕ್ರೋವೋಲ್ಟ್, ಮೈಕ್ರೋಆಂಪ್ ಲೆಕ್ಕ. 1.8 ವೋಲ್ಟ್ ಎಂದರೆ 1800000. ಸೊನ್ನೆ ಎಣಿಸುವಾಗ ಕಣ್ಣು ತಪ್ಪುವುದು ಸಹಜ, ಎರಡು ಸಲ ಎಣಿಸಿ.

ಈ ಫೈಲುಗಳಿಗೆ ಬರೆಯಲು ಆಗುವುದಿಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ. ಶೆಲ್‌ನಲ್ಲಿ ಒಂದು ಸೊನ್ನೆ ಜಾಸ್ತಿ ಹೊಡೆದರೆ ಬೋರ್ಡ್ ಸುಡಬಾರದು ಎಂಬುದು ಸರಿಯಾದ ಯೋಚನೆಯೇ. ಪರೀಕ್ಷೆಗೆಂದು ವರ್ಚುವಲ್ ಕನ್ಸ್ಯೂಮರ್ ಎಂಬ ಡ್ರೈವರ್ ಇದೆ. ಅದು ಲ್ಯಾಬಿಗೆ ಮಾತ್ರ, ಪ್ರಾಡಕ್ಟಿನ ಕರ್ನಲ್‌ನಲ್ಲಿ ಅದನ್ನು ನೋಡಿದರೆ ಯಾರೋ ಅವಸರದಲ್ಲಿದ್ದರು ಎಂದೇ ಅರ್ಥ.

ಇದಕ್ಕಿಂತ ಚೆನ್ನಾದ ನೋಟ ಡಿಬಗ್‌ಎಫ್‌ಎಸ್‌ನಲ್ಲಿ, ಅಂದರೆ ಕರ್ನಲ್ ತನ್ನ ಒಳಗಿನ ಮಾಹಿತಿ ತೋರಿಸುವ ಫೈಲ್‌ಸಿಸ್ಟಮ್‌ನಲ್ಲಿದೆ. /ಸಿಸ್/ಕರ್ನಲ್/ಡಿಬಗ್/ರೆಗ್ಯುಲೇಟರ್ ಒಳಗಿನ ‘ರೆಗ್ಯುಲೇಟರ್_ಸಮರಿ’ ಫೈಲನ್ನು ಓದಿ. ನೀವು ಹಾಳೆಯಲ್ಲಿ ಬರೆದ ಪವರ್ ಟ್ರೀ ಇಲ್ಲಿ ಅಕ್ಷರಗಳಲ್ಲಿ ಸಿಗುತ್ತದೆ. ತಾಯಿ ರೈಲಿನ ಕೆಳಗೆ ಮಕ್ಕಳ ರೈಲು ಸ್ವಲ್ಪ ಒಳಕ್ಕೆ ಸರಿದು ಕಾಣುತ್ತದೆ. ‘ಓಪನ್’ ಕಾಲಂನಲ್ಲಿ ಈ ರೈಲನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆ, ‘ಯೂಸ್’ ಕಾಲಂನಲ್ಲಿ ಎಷ್ಟು ಸಲ ಆನ್ ಕೇಳಿಕೆ ಬಾಕಿ ಇದೆ ಎಂದು ಗೊತ್ತಾಗುತ್ತದೆ. ಪಕ್ಕದಲ್ಲೇ ಈಗಿನ ವೋಲ್ಟೇಜ್ ಮತ್ತು ಅದರ ಮಿತಿಗಳು. ಹಾಳೆಯಲ್ಲಿರುವುದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸ ಇದ್ದರೆ ಒಂದೋ ನಿಮ್ಮ ಹಾಳೆ ತಪ್ಪು, ಇಲ್ಲವೇ ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಫೈಲ್) ತಪ್ಪು. ಸಾಮಾನ್ಯವಾಗಿ ಎರಡನೆಯದು.

ಹಂತ 3: ಡಿವೈಸ್ ಟ್ರೀಯಲ್ಲಿ ಬೋರ್ಡಿನ ಮಾತು ಬರೆಯಿರಿ

ಬೋರ್ಡಿನ ತೀರ್ಮಾನಗಳು ಇರಬೇಕಾದ ಜಾಗ ಇದು. ನಮಗೆ ಎರಡು ರೆಗ್ಯುಲೇಟರ್ ನೋಡ್ ಬೇಕು.

ಒಂದನೆಯದು ಹೆಡರ್‌ನ 3.3 ವೋಲ್ಟ್. ಕರ್ನಲ್ ಕೈಗೆ ಸಿಗದ ರೈಲು ಇದು, ಆದರೂ ಇದೆ ಎಂದು ಹೇಳಬೇಕು. ‘ಕಂಪ್ಯಾಟಿಬಲ್’ ಜಾಗದಲ್ಲಿ ‘ರೆಗ್ಯುಲೇಟರ್-ಫಿಕ್ಸ್ಡ್’ ಎಂದು ಹಾಕಿ. ‘ರೆಗ್ಯುಲೇಟರ್-ಮಿನ್-ಮೈಕ್ರೋವೋಲ್ಟ್’ ಮತ್ತು ‘ರೆಗ್ಯುಲೇಟರ್-ಮ್ಯಾಕ್ಸ್-ಮೈಕ್ರೋವೋಲ್ಟ್’ ಎರಡಕ್ಕೂ 3300000. ಕೊನೆಗೆ ‘ರೆಗ್ಯುಲೇಟರ್-ಆಲ್ವೇಸ್-ಆನ್’.

ಎರಡನೆಯದು ನಮ್ಮ ಲೋಡ್ ಸ್ವಿಚ್. ಇದೂ ‘ರೆಗ್ಯುಲೇಟರ್-ಫಿಕ್ಸ್ಡ್’, ವೋಲ್ಟೇಜ್ ಮಿತಿ ಕೂಡ ಅದೇ. ‘ವಿನ್-ಸಪ್ಲೈ’ ಪ್ರಾಪರ್ಟಿಯಲ್ಲಿ ಮೊದಲ ನೋಡನ್ನು ತೋರಿಸಿ, ಆಗ ತಾಯಿ-ಮಗು ಸಂಬಂಧ ಕರ್ನಲ್‌ಗೆ ಗೊತ್ತಾಗುತ್ತದೆ. ‘ಜಿಪಿಐಓ’ ಪ್ರಾಪರ್ಟಿಯಲ್ಲಿ ಜಿಪಿಐಓ1, 28ನೇ ಲೈನ್. ಈ ಪಿನ್ನನ್ನು ಪಿನ್‌ಮಕ್ಸ್‌ನಲ್ಲಿ (ಪಿನ್ ಯಾವ ಕೆಲಸ ಮಾಡಬೇಕೆಂದು ಆರಿಸುವ ಸೆಟ್ಟಿಂಗ್) ಜಿಪಿಐಓ ಮೋಡ್‌ಗೆ ಅಂದರೆ ಮೋಡ್ 7ಕ್ಕೆ ಹಾಕುವುದು ಮರೆಯಬೇಡಿ.

ಇಲ್ಲಿ ತುಂಬಾ ಜನ ಬೀಳುವ ಹಳ್ಳ ಒಂದಿದೆ. ಜಿಪಿಐಓ ಬರೆಯುವಾಗ ಕೊನೆಯಲ್ಲಿ ಆ್ಯಕ್ಟಿವ್ ಹೈ ಎಂಬ ಫ್ಲ್ಯಾಗ್ ಹಾಕುತ್ತೇವಲ್ಲ, ಫಿಕ್ಸ್ಡ್ ರೆಗ್ಯುಲೇಟರ್ ವಿಷಯದಲ್ಲಿ ಕರ್ನಲ್ ಅದನ್ನು ನೋಡುವುದೇ ಇಲ್ಲ. ಹಳೆಯ ಬೋರ್ಡುಗಳ ಡಿವೈಸ್ ಟ್ರೀ ಕೆಡಬಾರದೆಂದು ಉಳಿಸಿಕೊಂಡ ಪದ್ಧತಿ ಇದು. ‘ಎನೇಬಲ್-ಆ್ಯಕ್ಟಿವ್-ಹೈ’ ಎಂಬ ಬೇರೆ ಪ್ರಾಪರ್ಟಿ ಇದ್ದರೆ ಮಾತ್ರ ಹೈ ಎಂದರೆ ಆನ್. ಇಲ್ಲದಿದ್ದರೆ ಫ್ಲ್ಯಾಗ್ ಏನೇ ಇರಲಿ, ಲೋ ಎಂದರೆ ಆನ್. ಇದನ್ನು ಬಿಟ್ಟರೆ ಬೋರ್ಡ್ ತಲೆಕೆಳಗಾಗಿ ನಡೆಯುತ್ತದೆ: ಕರ್ನಲ್ ಆನ್ ಎಂದಾಗ ಸೆನ್ಸರ್ ಆಫ್, ಆಫ್ ಎಂದಾಗ ಆನ್. ರೆಗ್ಯುಲೇಟರ್ ಕಡೆಯಿಂದ ಲಾಗ್‌ನಲ್ಲಿ ಒಂದು ಎರರ್ ಕೂಡ ಇರುವುದಿಲ್ಲ, ಸೆನ್ಸರ್ ಮಾತ್ರ ಉತ್ತರ ಕೊಡುವುದಿಲ್ಲ.

‘ಸ್ಟಾರ್ಟಪ್-ಡಿಲೇ-ಯುಎಸ್’ ಪ್ರಾಪರ್ಟಿಯಲ್ಲಿ ಲೋಡ್ ಸ್ವಿಚ್ ಆನ್ ಆಗಿ ಔಟ್‌ಪುಟ್ ಏರಲು ಬೇಕಾದ ಸಮಯ ಹಾಕಿ, ಮೈಕ್ರೋಸೆಕೆಂಡ್ ಲೆಕ್ಕದಲ್ಲಿ. ಈ ಅಂಕಿ ಸ್ವಿಚ್ಚಿನ ಡೇಟಾಶೀಟಿನಿಂದ ಬರಬೇಕು. ಸೆನ್ಸರ್ ಎಚ್ಚರವಾಗಲು ಬೇಕಾದ ಸಮಯವನ್ನು ಇದಕ್ಕೆ ಸೇರಿಸಬೇಡಿ, ಅದು ಡ್ರೈವರ್‌ಗೆ ಸೇರಿದ ವಿಷಯ. ಬೋರ್ಡ್ ಬದಲಾದರೆ ಸ್ವಿಚ್ ಬದಲಾಗುತ್ತದೆ, ಸೆನ್ಸರ್ ಬದಲಾಗುವುದಿಲ್ಲ. ಔಟ್‌ಪುಟ್‌ನಲ್ಲಿ ದೊಡ್ಡ ಕೆಪ್ಯಾಸಿಟರ್ ಇದ್ದು ಆಫ್ ಆದ ಮೇಲೆ ನಿಧಾನ ಇಳಿಯುತ್ತಿದ್ದರೆ ‘ಆಫ್-ಆನ್-ಡಿಲೇ-ಯುಎಸ್’ ಕೂಡ ಹಾಕಿ. ಅರ್ಧ ಇಳಿದ ವೋಲ್ಟೇಜಿನ ಮೇಲೆ ಮತ್ತೆ ಆನ್ ಮಾಡಿದರೆ ಕೆಲವು ಚಿಪ್‌ಗಳು ರೀಸೆಟ್ ಆಗದೆ ಎಡಬಿಡಂಗಿ ಸ್ಥಿತಿಯಲ್ಲಿ ನಿಲ್ಲುತ್ತವೆ.

ಇನ್ನು ಸೆನ್ಸರ್ ನೋಡ್. ಐ2ಸಿ2ರ ಕೆಳಗೆ, ವಿಳಾಸ ಹೆಕ್ಸ್ 76. ಎಸ್‌ಡಿಓ ಪಿನ್ನನ್ನು ಹೈ ಮಾಡಿದ್ದರೆ 77. ಬಿಎಂಪಿ280 ಡ್ರೈವರ್ ಕೇಳುವ ಸಪ್ಲೈ ಹೆಸರು ‘ವಿಡಿಡಿಎ’ ಮತ್ತು ‘ವಿಡಿಡಿಡಿ’. ಡೇಟಾಶೀಟಿನ ಪಿನ್ ಹೆಸರೇ ಡ್ರೈವರ್‌ನಲ್ಲೂ ಇರಬೇಕು ಎಂಬುದು ಒಳ್ಳೆಯ ರೂಢಿ. ಇಲ್ಲಿ ಅದು ಪಾಲನೆಯಾಗಿಲ್ಲ, ನಾವು ಅರ್ಥ ಮಾಡಿಕೊಂಡು ಹೋಗಬೇಕು. ‘ವಿಡಿಡಿಎ-ಸಪ್ಲೈ’ಗೆ ನಮ್ಮ ಲೋಡ್ ಸ್ವಿಚ್, ‘ವಿಡಿಡಿಡಿ-ಸಪ್ಲೈ’ಗೆ ಸದಾ ಆನ್ ಇರುವ 3.3 ವೋಲ್ಟ್. ಈಗ ಡ್ರೈವರ್ ಎರಡನ್ನೂ ಆಫ್ ಮಾಡು ಎಂದು ಕೇಳಿದರೂ ಬಸ್ ಕಡೆಯ ರೈಲು ಉಳಿಯುತ್ತದೆ. ಡ್ರೈವರ್‌ನ ಒಂದು ಸಾಲೂ ಮುಟ್ಟದೆ ಸೆನ್ಸರ್ ಬಚಾವ್.

‘ಆಲ್ವೇಸ್-ಆನ್’ ಮತ್ತು ‘ಬೂಟ್-ಆನ್’ ಒಂದೇ ಅಲ್ಲ. ಬೂಟ್-ಆನ್ ಎಂದರೆ ಬೂಟ್‌ಲೋಡರ್ ಇದನ್ನು ಆನ್ ಮಾಡಿಟ್ಟಿದೆ ಎಂದಷ್ಟೆ, ಆಮೇಲೆ ಯಾರಿಗೂ ಬೇಡವಾದರೆ ಆಫ್ ಮಾಡಬಹುದು. ಆಲ್ವೇಸ್-ಆನ್ ಎಂದರೆ ಯಾರು ಕೇಳಿದರೂ ಆಫ್ ಆಗುವುದಿಲ್ಲ. ಏನೋ ಕೆಲಸ ಮಾಡುತ್ತಿಲ್ಲ ಎಂದಾಗ ಎಲ್ಲ ರೈಲಿಗೂ ಆಲ್ವೇಸ್-ಆನ್ ಹಾಕಿಬಿಡುವ ಚಾಳಿ ನಮ್ಮಲ್ಲಿ ಇದೆ. ಅದು ಕಾಯಿಲೆ ಹುಡುಕುವ ಒಂದು ಪರೀಕ್ಷೆಯಾಗಿ ಸರಿ, ಕಮಿಟ್ ಮಾಡುವುದಕ್ಕಲ್ಲ.

ಹಂತ 4: ಡ್ರೈವರ್‌ನಲ್ಲಿ ಕೇಳುವುದು

ಬಿಎಂಪಿ280 ಡ್ರೈವರ್ ಆಗಲೇ ಇದೆ. ನಿಮ್ಮದೇ ಬೇರೆ ಚಿಪ್‌ಗೆ ಬರೆಯುವಾಗ ಇದನ್ನೇ ಮಾದರಿ ಮಾಡಿಕೊಳ್ಳಿ. ಕ್ರಮ ಹೀಗೆ.

ಪ್ರೋಬ್ ಫಂಕ್ಷನ್ನಿನಲ್ಲಿ (ಡಿವೈಸ್ ಸಿಕ್ಕಾಗ ಕರ್ನಲ್ ಕರೆಯುವ ಡ್ರೈವರ್‌ನ ಮೊದಲ ಫಂಕ್ಷನ್) ಮೊದಲು ‘ಡೆವ್ಎಂ_ರೆಗ್ಯುಲೇಟರ್_ಗೆಟ್’ ಕರೆದು ಸಪ್ಲೈ ಹಿಡಿಯಿರಿ. ಒಂದಕ್ಕಿಂತ ಜಾಸ್ತಿ ಇದ್ದರೆ ಎಲ್ಲವನ್ನೂ ಒಂದೇ ಕರೆಯಲ್ಲಿ ಹಿಡಿಯುವ ಬಲ್ಕ್ ರೂಪ ಬಳಸಿ. ಹೆಸರು ಕೊಡುವಾಗ ‘ವಿಡಿಡಿಎ’ ಎಂದಷ್ಟೇ ಕೊಡಬೇಕು, ‘-ಸಪ್ಲೈ’ ಬಾಲವನ್ನು ಕರ್ನಲ್ ತಾನೇ ಸೇರಿಸಿಕೊಳ್ಳುತ್ತದೆ. ಆಮೇಲೆ ‘ರೆಗ್ಯುಲೇಟರ್_ಎನೇಬಲ್’. ಅದರ ರಿಟರ್ನ್ ಬೆಲೆ ನೋಡದೆ ಮುಂದೆ ಹೋಗಬೇಡಿ. ಆಮೇಲೆ ಚಿಪ್ ಎಚ್ಚರವಾಗುವ ತನಕ ಕಾಯಿರಿ, ಬಿಎಂಪಿ280ಗೆ 2 ಮಿಲಿಸೆಕೆಂಡ್. ಆಮೇಲೆ ಚಿಪ್ ಐಡಿ ಓದಿ. ಹೆಕ್ಸ್ 58 ಬಂದರೆ ಎದುರಿಗಿರುವುದು ಬಿಎಂಪಿ280 ಎಂದು ಖಾತ್ರಿ.

ರೆಗ್ಯುಲೇಟರ್ ಇನ್ನೂ ಸಿದ್ಧವಾಗಿಲ್ಲದಿದ್ದರೆ ಗೆಟ್ ಫಂಕ್ಷನ್ ‘ಇಪ್ರೋಬ್_ಡಿಫರ್’ ಅಂದರೆ ಮೈನಸ್ 517 ಕೊಡುತ್ತದೆ. ಇದು ತಪ್ಪಲ್ಲ, ಆಮೇಲೆ ಬಾ ಎಂದು ಹೇಳುವ ರೀತಿ. ಅದನ್ನು ಹಾಗೇ ಹಿಂದಿರುಗಿಸಿ, ಕರ್ನಲ್ ಮತ್ತೆ ಪ್ರೋಬ್ ಮಾಡುತ್ತದೆ. ಎರರ್ ಪ್ರಿಂಟ್ ಮಾಡಲು ‘ಡೆವ್_ಎರ್_ಪ್ರೋಬ್’ ಬಳಸಿದರೆ ಈ ಒಂದು ಬೆಲೆಗೆ ಲಾಗ್ ಗಲೀಜಾಗುವುದಿಲ್ಲ.

ಡಿವೈಸ್ ಟ್ರೀಯಲ್ಲಿ ಸಪ್ಲೈ ಬರೆದೇ ಇಲ್ಲದಿದ್ದರೆ? ಆಗ ಎರರ್ ಬರುವುದಿಲ್ಲ. ಕರ್ನಲ್ ಒಂದು ಡಮ್ಮಿ ರೆಗ್ಯುಲೇಟರ್ ಕೊಟ್ಟು, ಡಮ್ಮಿ ಬಳಸುತ್ತಿದ್ದೇನೆ ಎಂದು ಲಾಗ್‌ನಲ್ಲಿ ಒಂದು ಸಾಲು ಹಾಕುತ್ತದೆ. ಚಿಪ್ ಇದೆ ಎಂದ ಮೇಲೆ ಅದಕ್ಕೆ ಎಲ್ಲಿಂದಲೋ ಕರೆಂಟ್ ಬಂದೇ ಬರುತ್ತಿರಬೇಕು ಎಂಬ ತರ್ಕ. ಆದ್ದರಿಂದಲೇ ‘ರೆಗ್ಯುಲೇಟರ್_ಗೆಟ್_ಆಪ್ಷನಲ್’ ಎಂಬುದನ್ನು ಕಂಡಕಂಡಲ್ಲಿ ಬಳಸಬಾರದು. ಆ ಪಿನ್ನಿಗೆ ಏನನ್ನೂ ಜೋಡಿಸದೆ ಬಿಟ್ಟರೂ ಚಿಪ್ ನಡೆಯುತ್ತದೆ ಎಂದಿದ್ದರೆ ಮಾತ್ರ ಅದು ಆಪ್ಷನಲ್. ಉದಾಹರಣೆಗೆ, ಹೊರಗಿನ ರೆಫರೆನ್ಸ್ ವೋಲ್ಟೇಜ್ ಕೊಟ್ಟರೂ ಸರಿ, ಇಲ್ಲದಿದ್ದರೆ ಒಳಗಿನದನ್ನೇ ಬಳಸುತ್ತೇನೆ ಎನ್ನುವ ಎಡಿಸಿ. ವಿಡಿಡಿ ಎಂದೂ ಆಪ್ಷನಲ್ ಅಲ್ಲ.

ಎನೇಬಲ್ ಮತ್ತು ಡಿಸೇಬಲ್ ಲೆಕ್ಕ ಸರಿಹೊಂದಬೇಕು. ಕರ್ನಲ್ ಒಳಗೆ ಎಣಿಕೆ ಇಡುತ್ತದೆ. ಒಂದೇ ರೈಲನ್ನು ಮೂರು ಡ್ರೈವರ್ ಹಂಚಿಕೊಂಡಿದ್ದರೆ, ಕೊನೆಯವರು ಎದ್ದು ಹೋದ ಮೇಲಷ್ಟೇ ಛತ್ರದ ಹಾಲ್‌ನ ಲೈಟ್ ಆರಿಸುವ ಹಾಗೆ, ಮೂವರೂ ಬಿಟ್ಟ ಮೇಲೆ ರೈಲು ಆಫ್. ಹಾಗಾಗಿ "ನಾನು ಡಿಸೇಬಲ್ ಮಾಡಿದೆ, ಚಿಪ್ ರೀಸೆಟ್ ಆಗಿರುತ್ತದೆ" ಎಂದು ನಂಬಬೇಡಿ. ಪಕ್ಕದವನು ಇನ್ನೂ ಹಿಡಿದುಕೊಂಡಿರಬಹುದು. ನೀವು ಆನ್ ಮಾಡಿದ್ದಕ್ಕಿಂತ ಜಾಸ್ತಿ ಸಲ ಆಫ್ ಮಾಡಿದರೆ ‘ಅನ್‌ಬ್ಯಾಲೆನ್ಸ್ಡ್ ಡಿಸೇಬಲ್ಸ್’ ಎಂಬ ದೊಡ್ಡ ವಾರ್ನಿಂಗ್ ಬೀಳುತ್ತದೆ. ಹೆಚ್ಚಾಗಿ ಪ್ರೋಬ್ ಫೇಲ್ ಆಗುವ ದಾರಿಯಲ್ಲೋ ರಿಮೂವ್ ಫಂಕ್ಷನ್ನಿನಲ್ಲೋ ಇದರ ಮೂಲ ಇರುತ್ತದೆ.

ಬಲ್ಕ್ ಎನೇಬಲ್ ಬಗ್ಗೆ ಒಂದು ಮಾತು. ಅದು ಎಲ್ಲ ರೈಲುಗಳನ್ನೂ ಒಟ್ಟಿಗೆ ಆನ್ ಮಾಡಲು ಹೊರಡುತ್ತದೆ, ಕ್ರಮದ ಖಾತ್ರಿ ಇಲ್ಲ. ನಿಮ್ಮ ಚಿಪ್ "ಮೊದಲು ಇದು, ಆಮೇಲೆ ಅದು" ಎಂದು ಹೇಳಿದ್ದರೆ ಒಂದೊಂದಾಗಿ ಎನೇಬಲ್ ಮಾಡಿ. ಬಿಎಂಪಿ280ಗೆ ಕ್ರಮದ ಗೊಡವೆ ಇಲ್ಲ, ಹಾಗಾಗಿ ಅದರ ಡ್ರೈವರ್ ಬಲ್ಕ್ ಬಳಸುತ್ತದೆ.

ಮತ್ತೆ, ನಮ್ಮ ಉದಾಹರಣೆಯಲ್ಲಿ ಡ್ರೈವರ್ ಎಲ್ಲಿಯೂ 3300000 ಎಂದು ಬರೆದಿಲ್ಲ ಗಮನಿಸಿ. ಕೊಟ್ಟ ವೋಲ್ಟೇಜ್ ಬದಲಾಯಿಸುವ ಅಗತ್ಯ ಚಿಪ್‌ಗೆ ಇಲ್ಲದಿದ್ದರೆ ಡ್ರೈವರ್‌ನಲ್ಲಿ ‘ರೆಗ್ಯುಲೇಟರ್_ಸೆಟ್_ವೋಲ್ಟೇಜ್’ ಇರಲೇಬಾರದು. ನಾಳೆ ಇನ್ನೊಬ್ಬರು ಇದೇ ಸೆನ್ಸರನ್ನು 1.8 ವೋಲ್ಟ್ ಬೋರ್ಡಿಗೆ ಹಾಕಿದಾಗ ಡ್ರೈವರ್ ಹಾಗೇ ನಡೆಯಬೇಕು.

ಹಂತ 5: ಕೆಲಸ ಇಲ್ಲದಾಗ ಆಫ್

ಪವರ್ ಉಳಿಯುವುದು ಇಲ್ಲಿ. ರನ್‌ಟೈಮ್ ಪಿಎಂ ಎಂಬ ವ್ಯವಸ್ಥೆ ಡಿವೈಸ್ ಖಾಲಿ ಕೂತಾಗ ಸಸ್ಪೆಂಡ್ ಫಂಕ್ಷನ್ನನ್ನೂ, ಕೆಲಸ ಬಂದಾಗ ರೆಸ್ಯೂಮ್ ಫಂಕ್ಷನ್ನನ್ನೂ ಕರೆಯುತ್ತದೆ. ಸಸ್ಪೆಂಡ್‌ನಲ್ಲಿ ರೆಗ್ಯುಲೇಟರ್ ಡಿಸೇಬಲ್. ರೆಸ್ಯೂಮ್‌ನಲ್ಲಿ ಎನೇಬಲ್, 2 ಮಿಲಿಸೆಕೆಂಡ್ ಕಾಯುವುದು, ಚಿಪ್‌ನ ಸೆಟ್ಟಿಂಗ್‌ಗಳನ್ನು ಮತ್ತೆ ಬರೆಯುವುದು. ಕರೆಂಟ್ ಹೋದರೆ ರಿಜಿಸ್ಟರ್‌ಗಳೆಲ್ಲ ಅಳಿಸಿಹೋಗುತ್ತವೆ ಎಂಬುದನ್ನು ಮರೆತವರ ಡ್ರೈವರ್ ಮೊದಲ ಸಲ ಸರಿಯಾದ ರೀಡಿಂಗ್ ಕೊಟ್ಟು ಆಮೇಲೆ ಕಸ ಕೊಡುತ್ತದೆ.

ಎಷ್ಟು ಹೊತ್ತು ಖಾಲಿ ಇದ್ದರೆ ಆಫ್ ಮಾಡಬೇಕು? ಆಟೋಸಸ್ಪೆಂಡ್ ಸಮಯ ಎಂದರೆ ಇದೇ. ಬಿಎಂಪಿ280 ಡ್ರೈವರ್‌ನ ಲೆಕ್ಕ ಸರಳ: ಎಚ್ಚರವಾಗಲು ಬೇಕಾದ ಸಮಯದ ನೂರು ಪಟ್ಟು. 2 ಮಿಲಿಸೆಕೆಂಡಿಗೆ 200 ಮಿಲಿಸೆಕೆಂಡ್. ಅದಕ್ಕಿಂತ ಬೇಗ ಇನ್ನೊಂದು ರೀಡಿಂಗ್ ಕೇಳಿದರೆ ಆಫ್-ಆನ್ ಸರ್ಕಸ್ ಇಲ್ಲದೆ ನೇರ ಉತ್ತರ ಸಿಗುತ್ತದೆ. ನಿಮ್ಮ ಚಿಪ್‌ಗೂ ಈ ಲೆಕ್ಕದಿಂದ ಶುರು ಮಾಡಿ, ಆಮೇಲೆ ಅಳತೆ ನೋಡಿ ಬದಲಿಸಿ.

ಡಿವೈಸ್ ಟ್ರೀ ಬಿಲ್ಡ್ ಮಾಡಿ ಬೋರ್ಡಿಗೆ ಹಾಕಿ ಬೂಟ್ ಮಾಡಿ. ಐಐಓ (ಕರ್ನಲ್‌ನ ಸೆನ್ಸರ್ ವಿಭಾಗ) ಡಿವೈಸಿನ ‘ಇನ್_ಪ್ರೆಶರ್_ಇನ್‌ಪುಟ್’ ಫೈಲ್ ಓದಿ. ಉತ್ತರ ಕಿಲೋಪ್ಯಾಸ್ಕಲ್‌ನಲ್ಲಿ ಬರುತ್ತದೆ. ಬೆಂಗಳೂರಿನಲ್ಲಿದ್ದರೆ 91ರ ಆಸುಪಾಸು, ಮಂಗಳೂರಿನಲ್ಲಿದ್ದರೆ 101ರ ಆಸುಪಾಸು. ಬೆಂಗಳೂರಿನ ಟೇಬಲ್ ಮೇಲೆ 101 ಕಂಡರೆ ಏನೋ ತಪ್ಪಿದೆ.

ಈಗ ಒಂದು ಟರ್ಮಿನಲ್‌ನಲ್ಲಿ ಆ ಫೈಲನ್ನು ಲೂಪ್‌ನಲ್ಲಿ ಓದುತ್ತಿರಿ, ಇನ್ನೊಂದರಲ್ಲಿ ರೆಗ್ಯುಲೇಟರ್_ಸಮರಿ ನೋಡಿ. ಸೆನ್ಸರ್ ರೈಲಿನ ಯೂಸ್ 1 ಇರುತ್ತದೆ. ಲೂಪ್ ನಿಲ್ಲಿಸಿ ಮತ್ತೆ ನೋಡಿದರೆ 0. ಲೋಡ್ ಸ್ವಿಚ್ ಔಟ್‌ಪುಟ್‌ಗೆ ಮಲ್ಟಿಮೀಟರ್ ಇಟ್ಟು ನಿಜಕ್ಕೂ ಇಳಿಯಿತೇ ನೋಡಿ. ಸಾಫ್ಟ್‌ವೇರ್ 0 ಎಂದು ಹೇಳಿ ಮೀಟರ್ 3.3 ತೋರಿಸಿದರೆ ಹಂತ 3ರ ಆ್ಯಕ್ಟಿವ್-ಹೈ ಪ್ರಾಪರ್ಟಿಗೆ ವಾಪಸ್ ಹೋಗಿ. 0 ಆಗದೆ ಒಂದೋ ಎರಡೋ ವೋಲ್ಟಿನಲ್ಲಿ ನಿಂತಿದ್ದರೆ ಬೇರೆ ಯಾವುದೋ ಪಿನ್ನಿನಿಂದ ಕರೆಂಟ್ ಸೋರಿಕೊಂಡು ಬರುತ್ತಿದೆ, ಸ್ಕೀಮ್ಯಾಟಿಕ್ ಮತ್ತೆ ತೆಗೆಯಿರಿ. ಯೂಸ್ 1ರಲ್ಲೇ ನಿಂತಿದ್ದರೆ ಡಿವೈಸಿನ ‘ಪವರ್/ಕಂಟ್ರೋಲ್’ ಫೈಲಿನಲ್ಲಿ ‘ಆಟೋ’ ಇದೆಯೋ ‘ಆನ್’ ಇದೆಯೋ ನೋಡಿ. ಆನ್ ಎಂದಿದ್ದರೆ ರನ್‌ಟೈಮ್ ಪಿಎಂ ಅನ್ನು ಯಾರೋ ತಡೆದಿದ್ದಾರೆ.

ಹಂತ 6: ಓಡುತ್ತಲೇ ವೋಲ್ಟೇಜ್ ಬದಲಾಯಿಸುವುದು

ಆನ್-ಆಫ್ ಸುಲಭದ ಭಾಗ. ಪ್ರೊಸೆಸರ್‌ನಲ್ಲಿ ಆಟ ಬೇರೆ. ಅಲ್ಲಿ ಸ್ವಿಚಿಂಗ್‌ಗೆ ಖರ್ಚಾಗುವ ಪವರ್ ಫ್ರೀಕ್ವೆನ್ಸಿಗೆ ನೇರವಾಗಿ, ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬೀಗಲ್‌ಬೋನ್ ಬ್ಲ್ಯಾಕ್‌ನ ಎಎಂ335ಎಕ್ಸ್ ಪ್ರೊಸೆಸರ್ 1 ಗಿಗಾಹರ್ಟ್ಸ್‌ನಲ್ಲಿ 1.325 ವೋಲ್ಟ್ ಕೇಳುತ್ತದೆ, 300 ಮೆಗಾಹರ್ಟ್ಸ್‌ನಲ್ಲಿ 0.95 ವೋಲ್ಟ್ ಸಾಕು. ಫ್ರೀಕ್ವೆನ್ಸಿ ಮಾತ್ರ ಇಳಿಸಿದರೆ ಈ ಪವರ್ ಶೇ. 30ಕ್ಕೆ ಬರುತ್ತದೆ. ವೋಲ್ಟೇಜನ್ನೂ ಇಳಿಸಿದರೆ ಸುಮಾರು ಶೇ. 15. ಅರ್ಧಕ್ಕರ್ಧ ವ್ಯತ್ಯಾಸ.

ಕ್ರಮ ತಪ್ಪಬಾರದು. ವೇಗ ಏರಿಸುವಾಗ ಮೊದಲು ವೋಲ್ಟೇಜ್, ಆಮೇಲೆ ಫ್ರೀಕ್ವೆನ್ಸಿ. ಇಳಿಸುವಾಗ ಮೊದಲು ಫ್ರೀಕ್ವೆನ್ಸಿ, ಆಮೇಲೆ ವೋಲ್ಟೇಜ್. ಉಲ್ಟಾ ಆದರೆ ಸ್ವಲ್ಪ ಹೊತ್ತು ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ವೇಗ ಓಡಿ ಪ್ರೊಸೆಸರ್ ಎಲ್ಲೆಂದರಲ್ಲಿ ಬೀಳುತ್ತದೆ. ಇದನ್ನು ನೀವು ಕೈಯಾರೆ ಬರೆಯುವ ಅಗತ್ಯ ಇಲ್ಲ. ಓಪಿಪಿ ಟೇಬಲ್ (ಯಾವ ಫ್ರೀಕ್ವೆನ್ಸಿಗೆ ಎಷ್ಟು ವೋಲ್ಟೇಜ್ ಎಂಬ ಪಟ್ಟಿ) ಬರೆದು ‘ಡೆವ್_ಪಿಎಂ_ಓಪಿಪಿ_ಸೆಟ್_ರೇಟ್’ ಕರೆದರೆ ಕ್ರಮವನ್ನು ಅದೇ ನೋಡಿಕೊಳ್ಳುತ್ತದೆ. ಸಿಪಿಯುಗೆ ಮಾತ್ರವಲ್ಲ, ಜಿಪಿಯು ತರಹದ ಡಿವೈಸ್‌ಗಳಿಗೂ ಇದೇ ದಾರಿ.

ಸಿಪಿಯುಫ್ರೀಕ್‌ನಲ್ಲಿ (ಪ್ರೊಸೆಸರ್ ವೇಗ ನಿಭಾಯಿಸುವ ಕರ್ನಲ್ ಭಾಗ) ವೇಗವನ್ನು ನಾವೇ ಹೇಳಲು ಬಿಡುವ ಯೂಸರ್‌ಸ್ಪೇಸ್ ಗವರ್ನರ್ ಇದ್ದರೆ ಅದಕ್ಕೆ ಬದಲಿಸಿ, 800 ಮೆಗಾಹರ್ಟ್ಸ್ ಹಾಕಿ, ‘ವಿಡಿಡಿ_ಎಂಪಿಯು’ ಹೆಸರಿನ ರೆಗ್ಯುಲೇಟರ್‌ನ ಮೈಕ್ರೋವೋಲ್ಟ್ಸ್ ಓದಿ. ಓಪಿಪಿ ಟೇಬಲ್ ಪ್ರಕಾರ 800ಕ್ಕೆ ಬೇಕಾದದ್ದು 1260000. ಬೋರ್ಡ್ ತೋರಿಸುವುದು 1275000. ಇದು ತಪ್ಪಲ್ಲ. ಟಿಪಿಎಸ್65217ರ ಡಿಸಿಡಿಸಿ ಈ ಭಾಗದಲ್ಲಿ 25 ಮಿಲಿವೋಲ್ಟಿನ ಮೆಟ್ಟಿಲಲ್ಲಿ ಏರುತ್ತದೆ. 1.25 ಇದೆ, 1.275 ಇದೆ, 1.26 ಇಲ್ಲ. ಟೇಬಲ್‌ನಲ್ಲಿ 1260000ರ ಜೊತೆಗೆ ಕೆಳಮಿತಿ 1234800, ಮೇಲ್ಮಿತಿ 1285200 ಎಂದೂ ಬರೆದಿರುತ್ತದೆ. ಕರ್ನಲ್ ಮೊದಲು 1260000ರಿಂದ ಮೇಲ್ಮಿತಿಯೊಳಗೆ ಸಿಗುವ ಅತಿ ಕಡಿಮೆ ಮೆಟ್ಟಿಲು ಹುಡುಕುತ್ತದೆ. ಅದೇ 1.275.

ಸೆಟ್_ವೋಲ್ಟೇಜ್ ಫಂಕ್ಷನ್ ಒಂದು ಅಂಕಿಯ ಬದಲು ಕನಿಷ್ಠ-ಗರಿಷ್ಠ ಎಂದು ಎರಡು ಅಂಕಿ ಕೇಳುವುದು ಇದಕ್ಕೇ. ಎರಡಕ್ಕೂ ಒಂದೇ ಅಂಕಿ ಕೊಟ್ಟು, ಆ ಮೆಟ್ಟಿಲು ಪಿಮಿಕ್‌ನಲ್ಲಿ ಇಲ್ಲದಿದ್ದರೆ ‘ಇಇನ್ವಾಲ್’ ಎರರ್ ಬರುತ್ತದೆ. ಇಬ್ಬರು ಒಂದೇ ರೈಲಿಗೆ ಬೇರೆ ಬೇರೆ ವ್ಯಾಪ್ತಿ ಕೇಳಿದರೆ ಎರಡಕ್ಕೂ ಹೊಂದುವ ಭಾಗವನ್ನು ಕರ್ನಲ್ ಆರಿಸುತ್ತದೆ, ಹೊಂದುವ ಭಾಗವೇ ಇಲ್ಲದಿದ್ದರೆ ಆಗಲೂ ಅದೇ ಎರರ್. ಇವೆಲ್ಲದರ ಮೇಲೆ ಡಿವೈಸ್ ಟ್ರೀಯ ಮಿನ್-ಮ್ಯಾಕ್ಸ್ ಗೋಡೆ. ಅಲ್ಲಿ ಮಿನ್ ಮತ್ತು ಮ್ಯಾಕ್ಸ್ ಒಂದೇ ಆಗಿದ್ದರೆ ವೋಲ್ಟೇಜ್ ಬದಲಿಸಲು ಅನುಮತಿಯೇ ಇಲ್ಲ ಎಂದು ಅರ್ಥ.

ಎಸ್‌ಡಿ ಕಾರ್ಡ್: ಸಾಫ್ಟ್‌ವೇರ್‌ನಿಂದ ಸರಿಹೋಗದ ಒಂದು ಪ್ರಕರಣ

ಯುಎಚ್‌ಎಸ್ ವೇಗದ ಎಸ್‌ಡಿ ಕಾರ್ಡ್‌ಗಳು 3.3 ವೋಲ್ಟ್ ಸಿಗ್ನಲ್‌ನಲ್ಲಿ ಮಾತು ಶುರು ಮಾಡಿ, ಕಮಾಂಡ್ 11 ಬಂದ ಮೇಲೆ 1.8 ವೋಲ್ಟಿಗೆ ಇಳಿಯುತ್ತವೆ. ಕ್ಲಾಕ್ ನಿಲ್ಲಿಸಿ ಸಿಗ್ನಲ್ ಲೈನ್‌ಗಳ ‘ವಿಕ್ಯೂಎಂಎಂಸಿ’ ಸಪ್ಲೈ ಬದಲಿಸಬೇಕು. ಸ್ಪೆಸಿಫಿಕೇಷನ್ ಕನಿಷ್ಠ 5 ಮಿಲಿಸೆಕೆಂಡ್ ಎನ್ನುತ್ತದೆ, ಲಿನಕ್ಸ್ ಎಚ್ಚರಿಕೆಗೆ 10 ಕಾಯುತ್ತದೆ. ಒಮ್ಮೆ 1.8ಕ್ಕೆ ಇಳಿದ ಕಾರ್ಡ್ ತನ್ನ ಪವರ್ ಕಡಿಯುವ ತನಕ ವಾಪಸ್ 3.3ಕ್ಕೆ ಬರುವುದಿಲ್ಲ. ಬೋರ್ಡ್ ರೀಬೂಟ್ ಮಾಡಿದಾಗ ಕಾರ್ಡಿಗೆ ಪವರ್ ಕೊಡುವ ‘ವಿಎಂಎಂಸಿ’ ರೈಲು ಆಫ್ ಆಗದಿದ್ದರೆ, ಬೂಟ್ ರಾಮ್ (ಪ್ರೊಸೆಸರ್ ಮೊದಲು ಓಡಿಸುವ, ಚಿಪ್‌ನೊಳಗಿನ ಕೋಡ್) 3.3ರಲ್ಲಿ ಕರೆಯುತ್ತದೆ, ಕಾರ್ಡ್ 1.8ರಲ್ಲೇ ಕೂತಿರುತ್ತದೆ, ಬೋರ್ಡ್ ಏಳುವುದಿಲ್ಲ. ಪವರ್ ಕೇಬಲ್ ಕಿತ್ತು ಹಾಕಿದರೆ ಏಳುತ್ತದೆ. ಈ ಲಕ್ಷಣ ಕಂಡರೆ ಡ್ರೈವರ್‌ನಲ್ಲಿ ತಿಣುಕಾಡಬೇಡಿ. ರೀಸೆಟ್ ಸಿಗ್ನಲ್ ಬಿದ್ದಾಗ ಕಾರ್ಡಿನ ಪವರ್ ಕಡಿಯುವ ಸರ್ಕ್ಯೂಟ್ ಬೋರ್ಡಿನಲ್ಲೇ ಬೇಕು. ಕರ್ನಲ್ ಪ್ಯಾನಿಕ್ ಆದಾಗ, ವಾಚ್‌ಡಾಗ್ (ಸಿಸ್ಟಮ್ ಸಿಕ್ಕಿಕೊಂಡರೆ ರೀಸೆಟ್ ಮಾಡುವ ಟೈಮರ್) ಹೊಡೆದಾಗ ಡ್ರೈವರ್ ಓಡುವುದೇ ಇಲ್ಲವಲ್ಲ! ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಈ ತಲೆನೋವು ಇಲ್ಲ, ಅಲ್ಲಿ ಕಾರ್ಡಿನ ಸಪ್ಲೈ 3.3 ವೋಲ್ಟಿನ ಫಿಕ್ಸ್ಡ್ ರೆಗ್ಯುಲೇಟರ್.

ಏನಾದರೂ ಕೆಟ್ಟಾಗ

ಬೂಟ್ ಆಗಿ ಅರ್ಧ ನಿಮಿಷಕ್ಕೆ ಡಿಸ್‌ಪ್ಲೇಯೋ ವೈಫೈಯೋ ಸತ್ತರೆ ಮೊದಲು ಲಾಗ್‌ನಲ್ಲಿ ‘ಡಿಸೇಬ್ಲಿಂಗ್’ ಎಂಬ ಸಾಲು ಹುಡುಕಿ. ಬೂಟ್‌ನ ಕೊನೆಯ ಹಂತ ಮುಗಿದ 30 ಸೆಕೆಂಡಿಗೆ ಕರ್ನಲ್ ಯಾರೂ ಬಳಸದ ರೈಲುಗಳನ್ನು ಆಫ್ ಮಾಡುತ್ತದೆ. ಬೂಟ್‌ಲೋಡರ್ ಆನ್ ಮಾಡಿಟ್ಟ ರೈಲಿನ ಮೇಲೆ ಡ್ರೈವರ್ ಪುಕ್ಕಟೆ ಓಡುತ್ತಿತ್ತು, ಸಪ್ಲೈ ಕೇಳಿರಲಿಲ್ಲ ಎಂದು ಅರ್ಥ. ಹೊಸ ಕರ್ನಲ್ ಆಗಿದ್ದರೆ ಬೂಟ್ ಆರ್ಗ್ಯುಮೆಂಟ್‌ನಲ್ಲಿ ‘ರೆಗ್ಯುಲೇಟರ್_ಇಗ್ನೋರ್_ಅನ್‌ಯೂಸ್ಡ್’ ಹಾಕಿ ಅನುಮಾನ ಖಚಿತ ಮಾಡಿಕೊಳ್ಳಿ. ಸರಿಪಡಿಸುವುದು ಮಾತ್ರ ಡಿವೈಸ್ ಟ್ರೀಯಲ್ಲಿ: ಆ ಡಿವೈಸ್‌ಗೆ ಸರಿಯಾದ ಸಪ್ಲೈ ಬರೆಯಿರಿ, ಡ್ರೈವರ್ ಅದನ್ನು ಕೇಳುವಂತೆ ಮಾಡಿ.

ಡಿವೈಸ್ ಪ್ರೋಬ್ ಆಗುತ್ತಲೇ ಇಲ್ಲದಿದ್ದರೆ /ಸಿಸ್/ಕರ್ನಲ್/ಡಿಬಗ್ ಒಳಗಿನ ‘ಡಿವೈಸಸ್_ಡಿಫರ್ಡ್’ ಓದಿ. ಅಲ್ಲಿ ಅದರ ಹೆಸರಿದ್ದರೆ ಯಾವುದೋ ಸಪ್ಲೈಗೆ ಕಾಯುತ್ತಿದೆ. ಹೆಚ್ಚಾಗಿ ಪಿಮಿಕ್ ಡ್ರೈವರ್ ಕರ್ನಲ್ ಕಾನ್ಫಿಗ್‌ನಲ್ಲಿ ಆಯ್ಕೆಯಾಗಿರುವುದಿಲ್ಲ, ಇಲ್ಲವೇ ಮಾಡ್ಯೂಲ್ ಆಗಿ ರೂಟ್ ಫೈಲ್‌ಸಿಸ್ಟಮ್‌ನಲ್ಲಿ ಕೂತಿರುತ್ತದೆ. ರೂಟ್ ಫೈಲ್‌ಸಿಸ್ಟಮ್ ಇರುವ ಕಾರ್ಡಿಗೆ ಅದೇ ಪಿಮಿಕ್‌ನಿಂದ ಪವರ್ ಬರಬೇಕಿದ್ದರೆ ಎರಡೂ ಒಂದನ್ನೊಂದು ಕಾಯುತ್ತಾ ಕೂರುತ್ತವೆ. ಪಿಮಿಕ್ ಡ್ರೈವರನ್ನು ಕರ್ನಲ್ ಒಳಗೇ ಬಿಲ್ಡ್ ಮಾಡಿ, ಅಥವಾ ಇನಿಟ್‌ರ್ಯಾಮ್‌ಎಫ್‌ಎಸ್‌ಗೆ (ಬೂಟ್ ಆಗುವಾಗ ಮೊದಲೇ ಮೆಮೊರಿಗೆ ಬರುವ ಚಿಕ್ಕ ಫೈಲ್‌ಸಿಸ್ಟಮ್) ಸೇರಿಸಿ.

ಯಾವಾಗ ಯಾರು ಆನ್ ಮಾಡಿದರು ಎಂಬ ಜಾಡು ಬೇಕಾದರೆ ಟ್ರೇಸ್ ಬಳಸಿ. ಟ್ರೇಸಿಂಗ್ ಡೈರೆಕ್ಟರಿಯ ‘ಇವೆಂಟ್ಸ್/ರೆಗ್ಯುಲೇಟರ್’ ಒಳಗಿನ ‘ಎನೇಬಲ್’ ಫೈಲಿಗೆ 1 ಬರೆದರೆ ಎನೇಬಲ್, ಡಿಸೇಬಲ್, ಸೆಟ್ ವೋಲ್ಟೇಜ್ ಎಲ್ಲವೂ ಸಮಯದ ಸಮೇತ ದಾಖಲಾಗುತ್ತವೆ. ಎನೇಬಲ್ ಶುರುವಾದ ಕ್ಷಣ ಮತ್ತು ಮುಗಿದ ಕ್ಷಣ ಎರಡೂ ಬೇರೆ ಬೇರೆ ಸಾಲಾಗಿ ಬರುವುದರಿಂದ ನೀವು ಕೊಟ್ಟ ಸ್ಟಾರ್ಟಪ್ ಡಿಲೇ ನಿಜಕ್ಕೂ ನಡೆಯಿತೇ ಎಂದೂ ಇಲ್ಲೇ ಕಾಣುತ್ತದೆ. ರೈಲು ಸೆಕೆಂಡಿಗೆ ಹತ್ತಾರು ಸಲ ಆನ್-ಆಫ್ ಆಗುತ್ತಿರುವುದು ಕಂಡರೆ ಆಟೋಸಸ್ಪೆಂಡ್ ಸಮಯ ತೀರಾ ಕಡಿಮೆಯಾಗಿದೆ, ಹಂತ 5ರ ಅಂಕಿಯನ್ನು ಏರಿಸಿ ಮತ್ತೆ ಟ್ರೇಸ್ ತೆಗೆಯಿರಿ.